ಎಂಟು ದಿನದ ಸೋಫಾ

ನಾನು ಸೋಫಾದ ಅಂಚಿನಲ್ಲಿ ಕೂರುವವಳು. ಅಂಚು ಅಂದರೆ ಅಂಚೇ. ಸಿಟಿ ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂರನೆಯವಳಾಗಿ ಸೇರಿಕೊಂಡರೆ ಎಷ್ಟು ಜಾಗ ಸಿಗುತ್ತದೋ ಅಷ್ಟು. ಯಾರ ಮನೆಗೆ ಹೋದರೂ “ಹಿಂದೆ ಸರಿದು ಕೂತ್ಕೊಳ್ಳಿ ಬಾಯಮ್ಮ” ಎಂದು ಉಪಚಾರ ಮಾಡುತ್ತಾರೆ. “ಇಲ್ಲ, ಇಲ್ಲ, ಸರಿ ಉಂಟು” ಎನ್ನುತ್ತೇನೆ. ಬೇರೆಯವರ ಮನೆಯಲ್ಲಾದರೆ ಸಂಕೋಚ ಎನ್ನಬಹುದು. ನಮ್ಮ ಸ್ವಂತ ಸೋಫಾದಲ್ಲಿಯೂ ನಾನು ಹೀಗೆಯೇ ಕೂರುವುದನ್ನು ನೋಡಿ ನನ್ನ ಯಜಮಾನರು ಮೊನ್ನೆ ಪೇಪರು ಕೆಳಗಿಟ್ಟು, “ಇದು ನಮ್ಮದೇ ಮಾರಾಯ್ತಿ. ನಿನ್ನನ್ನು ಯಾರೂ ಎಬ್ಬಿಸುವುದಿಲ್ಲ” ಎಂದರು.

ಅವರಿಗೇನು ಗೊತ್ತು? ಸೋಫಾದಲ್ಲಿ ಕೂತವರನ್ನು ಎಬ್ಬಿಸಿದ್ದನ್ನು ನಾನು ಕಣ್ಣಾರೆ ಕಂಡವಳು.

ನನಗಾಗ ಹತ್ತು ವರ್ಷ. ನಯಾಪೈಸೆ ಬಂದ ಹೊಸತು. ಮಾಂಯ್, ಅಂದರೆ ನನ್ನ ಅಮ್ಮ, ಮೀನಿನವಳ ಹತ್ತಿರ ಆಣೆಯಲ್ಲಿ ಚೌಕಾಸಿ ಮಾಡಿ ನಯಾಪೈಸೆಯಲ್ಲಿ ಕೊಟ್ಟು, ಆಮೇಲೆ ಯಾರಿಗೆ ನಷ್ಟವಾಯಿತೆಂದು ಮಧ್ಯಾಹ್ನದವರೆಗೆ ಯೋಚಿಸುತ್ತಿದ್ದ ಕಾಲ. ಜೆಪ್ಪಿನಲ್ಲಿ ನಮ್ಮದೊಂದು ಹಂಚಿನ ಮನೆ. ಪಪ್ಪನಿಗೆ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತಿಕೆ. ನನ್ನ ಅಕ್ಕ ಸಿಸಿಲಿ ಶಾಲೆಯೊಂದರಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು. ಅವಳಿಗೆ ಇಪ್ಪತ್ತಾರು ತುಂಬಿತ್ತು. ಇಪ್ಪತ್ತಾರು ಎನ್ನುವುದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೇಳಿದವರಿಗೆ ಮಾಂಯ್, “ಈಗ ಇಪ್ಪತ್ತನಾಲ್ಕು ಕಳೀತು” ಎನ್ನುತ್ತಿದ್ದಳು. ಅದು ಸುಳ್ಳೂ ಅಲ್ಲ. ಕಳೆದು ಎಷ್ಟು ಸಮಯವಾಯಿತೆಂದು ಅವಳು ಹೇಳುತ್ತಿರಲಿಲ್ಲ, ಅಷ್ಟೆ.

ನಮ್ಮ ಹಾಲಿನಲ್ಲಿ ಕೂರಲಿಕ್ಕಿದ್ದದ್ದು ಒಂದೇ ಬೆಂಚು. ಅದು ಇಗರ್ಜಿಯ, ಅಂದರೆ ಚರ್ಚಿನ ಬೆಂಚು. ಇಗರ್ಜಿಗೆ ಹೊಸತು ಬಂದಾಗ ಹಳೆಯವನ್ನು ಹರಾಜಿಗೆ, ನಮ್ಮ ಮಾತಿನಲ್ಲಿ ಏಲಂಗೆ, ಹಾಕಿದ್ದರು. ಪಪ್ಪ ಒಂದನ್ನು ಹಿಡಿದಿದ್ದರು. ಮುಂದುಗಡೆ ಮೊಣಕಾಲೂರುವ ಹಲಗೆಯೂ ಅದಕ್ಕೇ ಸೇರಿಕೊಂಡಿತ್ತು. ನಮಗೆ ಅದರಿಂದ ಅನುಕೂಲವೇ. ಸಂಜೆ ಜಪಸರ ಹೇಳುವಾಗ ಮಾಂಯ್ ಮತ್ತು ಪಪ್ಪ ಹಲಗೆಯ ಮೇಲೆ, ಅಕ್ಕ ಮತ್ತು ನಾನು ನೆಲದ ಮೇಲೆ. ತೊಂದರೆಯಾಗುತ್ತಿದ್ದದ್ದು ನೆಂಟರು ಬಂದಾಗ. ಕಾಲು ಚಾಚಿದರೆ ಹಲಗೆಗೆ ಹೆಬ್ಬೆರಳು ತಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಬೆಂಚಿನಲ್ಲಿ ಕೂತೊಡನೆ ಎಂಥವರೂ ಮಾತು ನಿಲ್ಲಿಸಿ ಕೈ ಜೋಡಿಸಿ ನೇರ ಎದುರಿಗೆ ನೋಡುತ್ತಿದ್ದರು. ಎದುರಿನ ಗೋಡೆಯಲ್ಲಿ ಯೇಸುವಿನ ತಿರುಹೃದಯದ ಪಟ, ಅದರ ಕೆಳಗೆ ಕೆಂಪು ಗಾಜಿನ ದೀಪ. ಹರಟೆಗೆಂದು ಬಂದ ನೆರೆಯವರೂ ಐದು ನಿಮಿಷದಲ್ಲಿ ಪಿಸುದನಿಗೆ ಇಳಿಯುತ್ತಿದ್ದರು.

ಅಕ್ಕನನ್ನು ನೋಡಲು ಮೊದಲ ಸಲ ಬಂದ ಕಡೆಯವರೂ ಅದರಲ್ಲೇ ಕೂತಿದ್ದರು. ಹುಡುಗನ ಸೋದರತ್ತೆ ದೊಡ್ಡ ಬಾಯಿಯ ಹೆಂಗಸು. ಹೊರಡುವಾಗ ಮೆಟ್ಟಿಲಿಳಿಯುತ್ತಾ, “ಇವರಲ್ಲಿ ಕೂತರೆ ಪಾಪನಿವೇದನೆ ಮಾಡ್ಬೇಕು ಅನ್ನಿಸ್ತದೆ. ನಾಳೆ ಅಳಿಯ ಬಂದರೆ ಎಲ್ಲಿ ಕೂರುವುದಂತೆ?” ಎಂದದ್ದು ಬಾಗಿಲ ಹಿಂದಿದ್ದ ನಮಗೆಲ್ಲ ಕೇಳಿಸಿತು. ಅವರಿಂದ ಉತ್ತರ ಬರಲಿಲ್ಲ. ಬೆಂಚೇ ಕಾರಣವೋ ಬೇರೇನೋ, ಯಾರಿಗೆ ಗೊತ್ತು? ಆದರೆ ಆ ದಿನದಿಂದ ಮಾಂಯ್‌ಗೆ ಸೋಫಾದ್ದೇ ಚಿಂತೆ ಹಿಡಿಯಿತು.

ಸೋಫಾ ಎಂದರೆ ಆಗ ಬಂಗಲೆಯವರು, ಡಾಕ್ಟರುಗಳು, ಕಾಫಿ ವ್ಯಾಪಾರದ ಧಣಿಗಳು ಇಟ್ಟುಕೊಳ್ಳುತ್ತಿದ್ದ ವಸ್ತು. ಗುಮಾಸ್ತರ ಮನೆಯಲ್ಲಿ ಸೋಫಾ ಬರಬೇಕಾದರೆ ಬೇರೆ ಹತ್ತು ಸಂಗತಿಗಳು ಮನೆಯಿಂದ ಹೊರಗೆ ಹೋಗಬೇಕು. ಮೊದಲು ಹೋದದ್ದು ಅಂಜಲ್ ಮೀನು. ಅದರ ಜಾಗದಲ್ಲಿ ದಿನವೂ ಅಗ್ಗದ ಭೂತಾಯಿ ಮೀನು. ಆಮೇಲೆ ಕಾಫಿಯಲ್ಲಿ ಚಿಕೋರಿ ಎಷ್ಟು ಹೆಚ್ಚಿತೆಂದರೆ ಕಾಫಿಯೇ ಅದರಲ್ಲಿ ಕಲಬೆರಕೆ ಎನ್ನಬೇಕು. ನನ್ನ ಹಬ್ಬದ ಫ್ರಾಕು ಅಕ್ಕನ ಹಳೆಯ ಸೀರೆಯಿಂದ ಬಂತು. ಪಪ್ಪ ನಶ್ಯ ಬಿಟ್ಟರು. ಬಿಟ್ಟ ಮೇಲೂ ಬೆರಳೆರಡನ್ನು ಮೂಗಿನ ಹತ್ತಿರ ಒಯ್ದು, ನೆನಪಾಗಿ ಕೆಳಗಿಳಿಸುತ್ತಿದ್ದರು. ಉಳಿದದ್ದೆಲ್ಲ ಸಂತ ಅಂತೋನಿಯವರ ಮೂರ್ತಿಯ ಹಿಂದಿದ್ದ ಬಿಸ್ಕತ್ತಿನ ಡಬ್ಬಿಗೆ. ಒಂದು ವರ್ಷವಾಗುವ ಹೊತ್ತಿಗೆ ಅದರಲ್ಲಿ ನಲವತ್ತು ರೂಪಾಯಿ ಆಯಿತು.

ಅಷ್ಟರಲ್ಲಿ ಎರಡು ಸುದ್ದಿ ಒಟ್ಟಿಗೇ ಬಂದವು. ಬಿಕರ್ನಕಟ್ಟೆಯ ಕಡೆಯ ಹುಡುಗ ವಿನ್ಸೆಂಟ್ ಎಂಬವನು ಬೊಂಬಾಯಿಯಿಂದ ಒಂದು ತಿಂಗಳ ರಜೆಯಲ್ಲಿ ಬಂದಿದ್ದಾನೆ, ಮುಂದಿನ ವಾರದ ಭಾನುವಾರ ತಾಯಿಯ ಜೊತೆ ಅಕ್ಕನನ್ನು ನೋಡಲು ಬರುತ್ತಾನೆ. ಇನ್ನೊಂದು, ಊರು ಬಿಟ್ಟು ಹೋದ ಬಂಗಲೆಯ ದೊರೆಸಾನಿಯೊಬ್ಬರು ತಮ್ಮ ಸೋಫಾವನ್ನು ನಮ್ಮ ಇಗರ್ಜಿಗೆ ಕೊಟ್ಟಿದ್ದಾರೆ, ಈ ಭಾನುವಾರ ಪೂಜೆಯ ನಂತರ ಅದು ಏಲಂಗೆ ಬರುತ್ತದೆ. “ಸಂತ ಅಂತೋನಿಯವರೇ ಮಾಡಿಸಿದ್ದು” ಎಂದು ಮಾಂಯ್ ಡಬ್ಬಿ ಕೆಳಗಿಳಿಸಿದಳು.

ಈಗ ನಮ್ಮ ಇಗರ್ಜಿಯ ಏಲಂನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಪಪ್ಪ ಮಾಡಿದ್ದು ನಿಮಗೆ ಅರ್ಥವಾಗಲಿಕ್ಕಿಲ್ಲ. ಜನ ತಮ್ಮ ಹಿತ್ತಿಲಿನ ಮೊದಲ ಸೌತೆಕಾಯಿ, ಬಸಳೆ ಕಟ್ಟು, ಬಾಳೆಗೊನೆ, ಹರಕೆಯ ಹುಂಜ ಇವನ್ನೆಲ್ಲ ಇಗರ್ಜಿಗೆ ಒಪ್ಪಿಸುತ್ತಿದ್ದರು. ಪೂಜೆ ಬಿಟ್ಟ ಮೇಲೆ ಎದುರಿನ ಅಂಗಳದಲ್ಲಿ ಅವುಗಳ ಏಲಂ. ನಮ್ಮ ವಾಡೆಯ ಗುರ್ಕಾರ, ಅಂದರೆ ಕೇರಿಯ ಹಿರಿಯ, ಲಾದ್ರು ಮಾಮ ಏಲಂ ಕೂಗುವವರು. ಅಲ್ಲಿ ಒಂದು ಪದ್ಧತಿ ಇತ್ತು. ಸೌತೆಕಾಯಿಯನ್ನು ಹಿಡಿದವನು ಅದನ್ನು ಮನೆಗೆ ಒಯ್ಯುವ ಬದಲು “ಪುನಃ ಏಲಂ ಹಾಕಿ, ಇಗರ್ಜಿಗೆ” ಎಂದು ಬಿಟ್ಟುಕೊಡಬಹುದು. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಕೊಟ್ಟ ಹಣ ಇಗರ್ಜಿಗೇ, ಸೌತೆಕಾಯಿಯೂ ಇಗರ್ಜಿಗೇ. ಒಂದೇ ಸೌತೆಕಾಯಿ ನಾಲ್ಕು ಕೈ ದಾಟಿದ್ದೂ ಉಂಟು.

ಕಾರ್ಖಾನೆಯಲ್ಲಿ ವಾರವಿಡೀ ತಲೆ ತಗ್ಗಿಸಿ ಬರೆಯುತ್ತಿದ್ದ ಪಪ್ಪನಿಗೆ ಆ ಚಪ್ಪಾಳೆ ಎಂದರೆ ಜೀವ. ಎಷ್ಟು ಭಾನುವಾರ ಮಾಂಯ್ ಸೌತೆಕಾಯಿಗೆಂದು ಮಸಾಲೆ ಅರೆದಿಟ್ಟು ಕಾದಿದ್ದಾಳೋ. ಪಪ್ಪ ಕೈ ಬೀಸಿಕೊಂಡು ಬಂದು, “ಬಿಟ್ಟುಕೊಟ್ಟೆ” ಎನ್ನುತ್ತಿದ್ದರು. ಆ ದಿನ ಮಸಾಲೆಗೆ ಬದನೆಯೋ ಮತ್ತೊಂದೋ ಬೀಳುತ್ತಿತ್ತು. ಬೆಂಚು ಹಿಡಿದ ದಿನ ಮಾತ್ರ ಮಾಂಯ್ ಪಕ್ಕದಲ್ಲೇ ನಿಂತು ಅವರ ಕೋಟಿನ ತುದಿ ಹಿಡಿದುಕೊಂಡಿದ್ದಳು. ಅದಕ್ಕೇ ಬೆಂಚು ಮನೆಗೆ ಬಂದದ್ದು.

ಸೋಫಾದ ದಿನ ಅವಳು ಬರಲಿಲ್ಲ. ಮೊದಲ ಪೂಜೆಗೆ ಹೋಗಿಬಂದು, ಬೆಂಚನ್ನು ಹಿಂದಿನ ಜಗಲಿಗೆ ಸಾಗಿಸಿ, ಗೋಡೆಯ ಬುಡವನ್ನು ಗುಡಿಸಿ ಒರೆಸುವ ಕೆಲಸದಲ್ಲಿದ್ದಳು. ಪಪ್ಪನ ಜೊತೆ ಹೋದದ್ದು ನಾನು.

ಸೋಫಾ ಅಂಗಳದಲ್ಲಿ ಬಾಳೆಗೊನೆಗಳ ನಡುವೆ ನಿಂತಿತ್ತು. ಮೂವರು ಕೂರುವಂಥದ್ದು, ಹಸಿರು ಬಟ್ಟೆ, ಮಾಸಿದ ಹಳದಿ ಹೂಗಳು, ಸುರುಳಿ ಸುತ್ತಿದ ಮರದ ಕೈಗಳು. ಅದರ ಒಂದು ಕೈಗೆ ಯಾರೋ ಹುಂಜವನ್ನು ಕಟ್ಟಿದ್ದರು. ಹುಂಜ, ಬಸಳೆ, ಗೊನೆ ಎಲ್ಲ ಮುಗಿದು ಸೋಫಾದ ಸರದಿ ಬಂತು. ಪಪ್ಪ ಹದಿನೈದಕ್ಕೆ ಕೂಗಿದರು. ಹಳೆಯ ಸಾಮಾನಿನ ವ್ಯಾಪಾರಿ ಹಸನಬ್ಬ ಹದಿನೆಂಟು ಎಂದರು. ಅವರು ಬಂದರಿನವರು. ಮರದ ಸಾಮಾನು ಏಲಂಗೆ ಬಂದರೆ ಇಗರ್ಜಿಯೋ ದೇವಸ್ಥಾನವೋ ನೋಡದೆ ಬರುತ್ತಿದ್ದರು. ಇಬ್ಬರೂ ಏರಿಸುತ್ತಾ ಹೋದರು. ಮೂವತ್ತೆಂಟರವರೆಗೆ ಬಂದ ಹಸನಬ್ಬ ಪಪ್ಪನ ನಲವತ್ತಕ್ಕೆ ತಲೆಯಲ್ಲಾಡಿಸಿ ಹಿಂದೆ ಸರಿದರು.

“ಒಂದು ಸಲ, ಎರಡು ಸಲ, ಮೂರು ಸಲ!” ಲಾದ್ರು ಮಾಮ ಹಲಗೆಗೆ ಬಡಿದರು. ಜನ ಚಪ್ಪಾಳೆ ತಟ್ಟಿದರು. ಪಪ್ಪನ ಬಲಗೈ ಮೇಲೆ ಹೋಯಿತು. ನನಗೆ ಆ ಕೈ ಗೊತ್ತು. ನಾನು ಅವರ ಕೋಟಿನ ತುದಿ ಹಿಡಿಯುವ ಮೊದಲೇ ಮಾತು ಹೊರಗೆ ಬಿದ್ದಿತ್ತು.

“ಪುನಃ ಏಲಂ ಹಾಕಿ. ಇಗರ್ಜಿಗೆ.”

ಹಾಗೆ ಹೇಳಿದ ಮೇಲೆ ಅವರ ಮುಖ ನೋಡಿದೆ. ಬಾಯಿ ತನ್ನ ಅಭ್ಯಾಸದಂತೆ ಕೆಲಸ ಮುಗಿಸಿತ್ತು. ತಲೆಗೆ ಸುದ್ದಿ ಆಗಷ್ಟೇ ತಲುಪಿತ್ತು. ಸೋಫಾವನ್ನು ಬಿಟ್ಟುಕೊಟ್ಟವರನ್ನು ಆ ಊರು ಮೊದಲ ಸಲ ನೋಡಿದ್ದು. ಚಪ್ಪಾಳೆ ನಿಲ್ಲುವುದೇ ಇಲ್ಲ. ಪಾದ್ರಿಯವರು ಮೆಟ್ಟಿಲಿಳಿದು ಬಂದು, “ದೇವರು ನಿಮಗೆ ಇದರ ಹತ್ತರಷ್ಟು ಕೊಡಲಿ” ಎಂದು ಕೈ ಕುಲುಕಿದರು. ಅಂಥ ಹೊತ್ತಿನಲ್ಲಿ ‘ತಪ್ಪಿತು, ವಾಪಸು ಕೊಡಿ’ ಎನ್ನುವ ಎದೆ ಯಾರಿಗುಂಟು? ಎರಡನೆಯ ಸಲ ಏಲಂ ಆಗುವಾಗ ಪಪ್ಪ ಖಾಲಿ ಕಿಸೆಯಲ್ಲಿ ಕೈ ಹಾಕಿಕೊಂಡು ನಿಂತಿದ್ದರು. ಹಸನಬ್ಬ ಮೂವತ್ತಕ್ಕೆ ಹಿಡಿದರು.

ಅವರು ಗೇಟಿನವರೆಗೆ ನಮ್ಮ ಹಿಂದೆಯೇ ಬಂದರು. “ಪೊರ್ಬುಗಳೇ,” ಎಂದರು, ನಮ್ಮವರನ್ನು ಊರವರು ಗೌರವದಿಂದ ಕರೆಯುವುದು ಹಾಗೆ. “ನಿಮಗೆ ಸೋಫಾ ಬೇಕಿತ್ತಲ್ಲ?”

“ಬೇಕಿತ್ತು.”

“ಮತ್ತೆ ಎಂತಕ್ಕೆ ಬಿಟ್ಟದ್ದು?”

“ಬಾಯಿಗೆ ಬಂತು ಮಾರಾಯ್ರೆ.”

ಹಸನಬ್ಬ ನಗಲಿಲ್ಲ. “ನಮ್ಮ ಪಳ್ಳಿಯಲ್ಲಿಯೂ, ಮಸೀದಿಯಲ್ಲಿ, ಉಂಟು ಇದು. ಒಂದು ತೆಂಗಿನಕಾಯಿ ಏಳು ಕೈ ತಿರುಗಿ ಕಡೆಗೆ ತಂದವನ ಮನೆಗೇ ಹೋದದ್ದುಂಟು. ಆದರೆ ತೆಂಗಿನಕಾಯಿಯ ಮೇಲೆ ನೆಂಟರು ಕೂರುವುದಿಲ್ಲ ಪೊರ್ಬುಗಳೇ.” ಸ್ವಲ್ಪ ದೂರ ನಡೆದು ಮತ್ತೆ ಹೇಳಿದರು: “ಅಂಗಡಿಯ ಮಾಡಿನ ಹಂಚು ಬಿಚ್ಚಿ ಹಾಕಿದ್ದೇನೆ. ಇಡ್ಲಿಕ್ಕೆ ನನಗೆ ಜಾಗ ಇಲ್ಲ. ಗಿರಾಕಿ ಸಿಗುವ ತನಕ ನಿಮ್ಮಲ್ಲಿ ಇರಲಿ. ಕೂತ್ಕೊಳ್ಳಿ, ಬೇಡ ಹೇಳುವುದಿಲ್ಲ. ಆದರೆ ಹಾರುವುದು ಬೇಡ. ಅದು ಮಾರುವ ಸಾಮಾನು.” ಹಾರುವುದು ಬೇಡ ಎನ್ನುವಾಗ ಅವರು ನೋಡಿದ್ದು ನನ್ನನ್ನು.

ಮಾಂಯ್ ಗುಡಿಸಿದ ಗೋಡೆಯ ಪಕ್ಕದಲ್ಲಿ, ಮಸಾಲೆ ಅರೆದಿಟ್ಟವಳ ಹಾಗೆ ಕಾಯುತ್ತಿದ್ದಳು. ಸೋಫಾ ಒಳಗೆ ಬಂದಾಗ ಅವಳ ಮುಖ ಅರಳಿತು. ಪಪ್ಪ ನಡೆದದ್ದನ್ನು ಹೇಳಿ ಮುಗಿಸುವಾಗ ಬಾಡಿತು. ಅವಳು ಕೂಗಾಡಲಿಲ್ಲ. “ಹತ್ತರಷ್ಟು ಕೊಡಲಿ ಅಂದರಾ? ಹತ್ತು ಸೋಫಾ ಎಲ್ಲಿ ಇಡುವುದು?” ಎಂದು ಕೇಳಿ ಅಡುಗೆಮನೆಗೆ ಹೋದಳು.

ಆ ಎಂಟು ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಸಿರಾಡಲಿಲ್ಲ. ಮಾಂಯ್ ಸೋಫಾದ ಮೇಲೆ ಬಿಳಿ ಚಾದರ ಹೊದಿಸಿದಳು. ಸತ್ತವರಂತೆ ಕಾಣುತ್ತದೆ ಎಂದು ತೆಗೆದಳು. ಧೂಳು ಬೀಳುತ್ತದೆ ಎಂದು ಪುನಃ ಹೊದಿಸಿದಳು. ಊಟಕ್ಕೆ ನೆಲ, ಜಪಕ್ಕೆ ನೆಲ. ರಸ್ತೆಯಲ್ಲಿ ಜಟಕಾದ ಸದ್ದಾದರೆ ಹಸನಬ್ಬ ಗಿರಾಕಿಯನ್ನು ಕರೆತಂದರೆಂದು ಎಲ್ಲರೂ ಬಾಗಿಲು ನೋಡುವುದು. ಭಾನುವಾರದವರೆಗೆ ಗಿರಾಕಿ ಸಿಗದಿರಲಿ ಎಂದು ಮಾಂಯ್ ಸಂತ ಅಂತೋನಿಯವರಿಗೆ ಮೇಣದಬತ್ತಿಯ ಹರಕೆ ಹೇಳಿಕೊಂಡಳು. ಹಸನಬ್ಬರಿಗೆ ವಿಷಯ ತಿಳಿಸಿ ಭಾನುವಾರದವರೆಗೆ ಇರಲಿ ಎನ್ನಬಹುದಿತ್ತಲ್ಲ ಎಂದು ಈಗ ತೋರುತ್ತದೆ. ಪಪ್ಪನಿಗೆ ಅಷ್ಟು ಕೇಳಲು ನಾಚಿಕೆ.

ಬುಧವಾರ ಮಧ್ಯಾಹ್ನ ನಾನು ಶಾಲೆಯಿಂದ ಬೇಗ ಬಂದೆ. ಮಾಂಯ್ ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ಚಾದರದ ತುದಿ ಎತ್ತಿ ಎಡಗಡೆ ಕೂತೆ. ಮೆತ್ತಗೆ ಕೆಳಗಿಳಿದು ಮೇಲೆ ಬಂದೆ. ಅದು ಒಳ್ಳೆಯದೆನಿಸಿತು. ಇನ್ನೊಮ್ಮೆ. ಮೂರನೆಯ ಸಲ ಒಳಗಿನಿಂದ ‘ಟಂಯ್’ ಎಂದಿತು. ತಬ್ಬಿಬ್ಬಾಗಿ ಎದ್ದು ಚಾದರ ಸರಿಮಾಡಿದೆ. ಕೈಯಿಂದ ಒತ್ತಿದರೆ ಆ ಜಾಗ ಹೊಂಡದ ಹಾಗೆ. ಹಸನಬ್ಬರ ಸೋಫಾ ಮುರಿಯಿತು, ಅವರು ಹಣ ಕೇಳುತ್ತಾರೆ, ವಿನ್ಸೆಂಟ್ ಕೂತಾಗ ಒಳಗೆ ಹೋಗುತ್ತಾನೆ, ಅಕ್ಕನಿಗೆ ಇನ್ನು ಮದುವೆಯೇ ಇಲ್ಲ. ಎರಡು ದಿನ ಅನ್ನ ಸೇರಲಿಲ್ಲ. ಶನಿವಾರ ಪಾಪನಿವೇದನೆಗೆ ಹೋಗಿ ಜಾಲರಿಯ ಹತ್ತಿರ ಹೇಳಿಬಿಟ್ಟೆ.

“ಸೋಫಾ ಮುರಿದೆ ಫಾದರ್.”

“ಯಾರ ಸೋಫಾ?”

“ಮೊದಲು ಇಗರ್ಜಿಯದ್ದು, ಆಮೇಲೆ ನಮ್ಮದು, ಆಮೇಲೆ ಇಗರ್ಜಿಯದ್ದು, ಈಗ ಹಸನಬ್ಬರದ್ದು.”

ಜಾಲರಿಯ ಆಚೆ ಕೆಮ್ಮು ಕೇಳಿಸಿತು. “ಮೂರು ನಮೋ ಮರಿಯಾ ಹೇಳು. ಇನ್ನು ಹಾರಬೇಡ.” ಮೂರಲ್ಲ, ಮೂವತ್ತು ಹೇಳಿದೆ. ಹೊಂಡ ಸರಿಯಾಗಿದೆಯೋ ಎಂದು ಮನೆಗೆ ಬಂದು ಒತ್ತಿ ನೋಡಿದೆ. ಆಶ್ಚರ್ಯ! ಸರಿಯಾಗಿತ್ತು. ಮೆತ್ತಗಿರಲಿಲ್ಲ, ಗಟ್ಟಿಯಾಗಿತ್ತು, ಆದರೆ ಹೊಂಡ ಇರಲಿಲ್ಲ. ದೇವರ ಕೆಲಸದಲ್ಲಿ ಮೆತ್ತಗೆ, ಗಟ್ಟಿ ಎಂದು ತಪ್ಪು ಹುಡುಕಬಾರದೆಂದು ಸುಮ್ಮನಾದೆ.

ಭಾನುವಾರ ಸಂಜೆ ಐದು ಗಂಟೆಗೆ ವಿನ್ಸೆಂಟ್, ಅವನ ತಾಯಿ ಬಂದರು. ತಾಯಿ ನೇರವಾಗಿ ಹೋಗಿ ಎಡಗಡೆಯಲ್ಲೇ ಕೂತರು. ನಾನು ಕಂಬ ಹಿಡಿದು ನಿಂತೆ. ಅವರು ಮಾಂಯ್ ಜೊತೆ ಮಾತಾಡುತ್ತಾ ಒಮ್ಮೆ ಆಚೆ ವಾಲಿದರು, ಒಮ್ಮೆ ಈಚೆ ವಾಲಿದರು. ನನ್ನ ಉಸಿರೂ ಅವರ ಜೊತೆ ವಾಲುತ್ತಿತ್ತು. “ಹುಡುಗಿಗೆ ಎಷ್ಟು?” ಎಂದಾಗ ಮಾಂಯ್, “ಈಗ ಇಪ್ಪತ್ತನಾಲ್ಕು...” ಎಂದು ಶುರುಮಾಡಿದಳು. ಹೊರಗೆ ಜಟಕಾ ನಿಂತಿತು.

ಹಸನಬ್ಬ, ಅವರ ಹಿಂದೆ ಕನ್ನಡಕದ ಒಬ್ಬ ತೆಳ್ಳನೆಯ ಮನುಷ್ಯ. ಪಪ್ಪ ಓಡಿಹೋಗಿ ಬಾಗಿಲಲ್ಲೇ ಏನೋ ಪಿಸುಗುಟ್ಟಿದರು. ಹಸನಬ್ಬ ಒಳಗೆ ಇಣುಕಿ ನೋಡಿ, ಸಂಗತಿ ತಿಳಿದು, ಟೊಪ್ಪಿ ತೆಗೆದು ತಲೆ ಕೆರೆದುಕೊಂಡರು. ಆದರೆ ಗಿರಾಕಿ ಆಗಲೇ ಒಳಗೆ ಬಂದಾಗಿತ್ತು. ಅವರು ಹಂಪನಕಟ್ಟೆಯಲ್ಲಿ ಹೊಸತಾಗಿ ಕೂತಿದ್ದ ಹಲ್ಲಿನ ಡಾಕ್ಟರು. ರೋಗಿಗಳು ಕಾಯುವಲ್ಲಿಗೆ ಸೋಫಾ ಬೇಕಿತ್ತು. ಅವರ ಕಣ್ಣಿಗೆ ಸೋಫಾ ಬಿಟ್ಟು ಬೇರೇನೂ ಕಾಣಿಸಿದಂತಿರಲಿಲ್ಲ.

“ಸ್ವಲ್ಪ ಏಳ್ತೀರಾ?” ಎಂದರು, ಬಾಯಿ ತೆರೆಯಿರಿ ಎನ್ನುವ ಧಾಟಿಯಲ್ಲಿ. ತಾಯಿ, ಮಗ ಇಬ್ಬರೂ ಎದ್ದು ನಿಂತರು.

“ಎಂತ ಇದು?” ಎಂದರು ವಿನ್ಸೆಂಟನ ತಾಯಿ.

ಪಪ್ಪ ತಿರುಹೃದಯದ ಪಟದ ಕೆಳಗೆ ನಿಂತಿದ್ದರು. ಬೇರೆ ಎಲ್ಲಿ ನಿಂತಿದ್ದರೂ ಒಂದು ಸಣ್ಣ ಸುಳ್ಳು ಹೊಳೆಯುತ್ತಿತ್ತೋ ಏನೋ. “ಸೋಫಾ ನಮ್ಮದಲ್ಲ” ಎಂದರು. ಆಮೇಲೆ ಏಲಂ, ಚಪ್ಪಾಳೆ, ಬಾಯಿಗೆ ಬಂದದ್ದು ಎಲ್ಲವನ್ನೂ ಹೇಳಿದರು. ಡಾಕ್ಟರು ಅಷ್ಟರಲ್ಲಿ ಬಗ್ಗಿ ಒಂದೊಂದೇ ಸ್ಪ್ರಿಂಗನ್ನು ಬೆರಳಿನಿಂದ ಅಲ್ಲಾಡಿಸಿ ನೋಡುತ್ತಾ ಎಡಗಡೆಗೆ ಬರುತ್ತಿದ್ದರು.

“ಸ್ಪ್ರಿಂಗು ಎಲ್ಲ ಸರಿ ಉಂಟಾ?”

“ಬಂಗಲೆಯ ಮಾಲು ಡಾಕ್ಟ್ರೇ” ಎಂದರು ಹಸನಬ್ಬ.

“ಎಡಗಡೆಯ ಒಂದು ಹೋಗಿದೆ.”

ಹೇಳಿದ್ದು ಅಕ್ಕ. ಕಾಫಿಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. “ನಾನು ತೆಂಗಿನ ನಾರು ತುಂಬಿಸಿ ಹೊಲಿದಿದ್ದೇನೆ. ಒಂದು ವರ್ಷ ಬಂದೀತು. ಆಮೇಲೆ ಹೇಳ್ಲಿಕ್ಕಾಗುವುದಿಲ್ಲ.”

ಮಾಂಯ್ ಕಣ್ಣು ಮುಚ್ಚಿದಳು. ನನ್ನ ಮೂವತ್ತು ನಮೋ ಮರಿಯಾಗಳೂ ತೆಂಗಿನ ನಾರಾಗಿ ಹೋದವು. ಆಗ ವಿನ್ಸೆಂಟನ ತಾಯಿ ಸೊಂಟದ ಮೇಲೆ ಕೈಯಿಟ್ಟು, “ಅದೇ ನಾನು ನೋಡಿದೆ! ಆಗಿನಿಂದ ಎಂತದೋ ಚುಚ್ತಾ ಉಂಟು, ಹೇಳುವುದು ಹೇಗೆ ಅಂತ!” ಎಂದರು. ಮೊದಲು ನಕ್ಕವನು ವಿನ್ಸೆಂಟ್.

“ಈ ಮಗಳನ್ನು ನನ್ನ ಅಂಗಡಿಯಲ್ಲಿ ಕೂರಿಸಿದರೆ ಎರಡೇ ದಿನಕ್ಕೆ ಬಾಗಿಲು ಹಾಕ್ಬೇಕು” ಎಂದರು ಹಸನಬ್ಬ. ಆದರೂ ವ್ಯಾಪಾರ ಕುದುರಿತು. ಸ್ಪ್ರಿಂಗಿನ ಲೆಕ್ಕದಲ್ಲಿ ಡಾಕ್ಟರು ಸ್ವಲ್ಪ ಇಳಿಸಿದರು. ಸೋಫಾ ಆಗಲೇ ಬಾಗಿಲು ದಾಟಿ ಹೋಯಿತು. ಖಾಲಿ ಗೋಡೆಯೆದುರು ನಾವೆಲ್ಲ ಬಸ್ಸು ತಪ್ಪಿದವರಂತೆ ನಿಂತೆವು. ಪಪ್ಪ ಮೆಲ್ಲನೆ ಹಿಂದಿನ ಜಗಲಿಗೆ ಹೋದರು. ವಿನ್ಸೆಂಟ್ ಅವರ ಹಿಂದೆ ಹೋಗಿ ಬೆಂಚಿನ ಇನ್ನೊಂದು ತುದಿ ಹಿಡಿದನು.

ಬೆಂಚಿನಲ್ಲಿ ಕೂತದ್ದೇ ತಡ, ಎಲ್ಲರೂ ಎಂದಿನಂತೆ ಮಾತು ನಿಲ್ಲಿಸಿ ಎದುರು ನೋಡಿದರು. ಕಾಫಿ ಆರಿತು, ಅಕ್ಕ ಬಿಸಿ ಮಾಡಿ ತಂದಳು. ಇನ್ನು ಅವರು ಎದ್ದು ಹೊರಡುತ್ತಾರೆ, ಮೆಟ್ಟಿಲಿಳಿಯುವಾಗ ಏನೋ ಹೇಳುತ್ತಾರೆ ಎಂದು ಕಾದೆ. ಅಷ್ಟರಲ್ಲಿ ಇಗರ್ಜಿಯಿಂದ ಆಮೋರಿಯ ಗಂಟೆ, ನಮ್ಮ ಸಂಜೆಯ ಪ್ರಾರ್ಥನೆಯದ್ದು, ಕೇಳಿಸಿತು. ಎಲ್ಲರೂ ಮೊಣಕಾಲೂರಿದೆವು. ವಿನ್ಸೆಂಟನ ತಾಯಿಗೆ ಕಾಲು ನೋವು. ಅವರು ಮುಂದಿನ ಹಲಗೆಯ ಮೇಲೆ ಊರಿ, ಬೆನ್ನನ್ನು ಬೆಂಚಿಗೆ ಆನಿಸಿಕೊಂಡರು. ಪ್ರಾರ್ಥನೆ ಮುಗಿದಾಗ ಆ ಹಲಗೆಯನ್ನು ತಟ್ಟಿ ನೋಡಿದರು.

“ಇದು ಒಳ್ಳೇದುಂಟು. ನೆಲದಲ್ಲಿ ಊರಿದರೆ ನನಗೆ ಏಳ್ಲಿಕ್ಕೇ ಆಗುವುದಿಲ್ಲ.” ಮತ್ತೆ ಅಕ್ಕನ ಕಡೆ ತಿರುಗಿ, “ಮೊಣಕಾಲಿಗೆ ಮೆತ್ತೆ ಹೊಲೀಲಿಕ್ಕೆ ಬರ್ತದಾ ನಿನಗೆ?”

“ಬರ್ತದೆ ಮಾಮಿ.”

“ನಾರು ತುಂಬಿಸ್ಬೇಡ ಹಾಗಾದರೆ. ಹತ್ತಿ ಹಾಕು. ನಮ್ಮಲ್ಲಿ ಹತ್ತಿ ಉಂಟು.”

ಮಾಂಯ್ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಳೆಗೆ ಮೊದಲೇ ಮದುವೆ ಮುಗಿಯಿತು.

ಎಷ್ಟೋ ವರ್ಷಗಳ ನಂತರ, ಪಪ್ಪ ತೀರಿಕೊಂಡ ಮೇಲೆ, ಅಕ್ಕ ಬೊಂಬಾಯಿಯಿಂದ ಬಂದಿದ್ದಾಗ ಒಂದು ಮಧ್ಯಾಹ್ನ ನಾನು ಬಾಯಿಬಿಟ್ಟೆ. ಸ್ಪ್ರಿಂಗು ಮುರಿದದ್ದು ನಾನು ಎಂದೆ. ಅಕ್ಕ ನನ್ನನ್ನೇ ನೋಡಿದಳು. “ನೀನಾ? ನಾನೇ ಮುರಿದದ್ದು ಅಂತ ಇಷ್ಟು ವರ್ಷ... ಗುರುವಾರ ಕೂತೆ. ‘ಟಂಯ್’ ಅಂತು. ಹೆದರಿ ನಾರು ತುಂಬಿಸಿದ್ದು.” ಮಂಚದಲ್ಲಿ ಮಲಗಿದ್ದ ಮಾಂಯ್ ಗೋಡೆಯ ಕಡೆ ತಿರುಗಿಕೊಂಡೇ ಹೇಳಿದಳು: “ಸೋಮವಾರವೇ ಅದು ಟಂಯ್ ಅಂತಿತ್ತು.”

ನಾವಿಬ್ಬರೂ ನಕ್ಕು ಸುಸ್ತಾದೆವು. ಆಮೇಲೆ ನಾನು ಕೇಳಿದೆ, “ಹಾಗಾದರೆ ಪಪ್ಪನೂ ಕೂತಿರ್ಬೇಕು ಅಲ್ವಾ?”

“ಇಲ್ಲ” ಎಂದಳು ಮಾಂಯ್. “ಅವರು ಕೆಲಸದಿಂದ ಬಂದು ಅದರ ಎದುರು ನೆಲದಲ್ಲಿ ಕೂತು ನೋಡ್ತಾ ಇದ್ದರು. ‘ಯಾರೂ ಇಲ್ಲ, ಒಮ್ಮೆ ಕೂತು ನೋಡಿ’ ಅಂದೆ ನಾನು. ‘ಬೇಡ ಮಾರಾಯ್ತಿ, ಕೊಟ್ಟಾಯ್ತಲ್ಲ’ ಅಂದರು.”

ಇದನ್ನೆಲ್ಲ ಮೊನ್ನೆ ಯಜಮಾನರಿಗೆ ಹೇಳಿದೆ. ಅವರು ಪೇಪರನ್ನು ಮಡಚಿಟ್ಟು, ತಾವೂ ಒಂದು ಗೇಣು ಮುಂದೆ ಸರಿದು ಕೂತರು.